ಪುರಸಭೆಯ ಆಸ್ತಿಯೂ ಅದರ ಸವಕಳಿಯೂ

ಸ್ಥಳೀಯ ಸ್ವಯಂಸರ್ಕಾರವನ್ನು ಕುರಿತು ಓದುವಾಗ ಚುನಾವಣೆ, ತೆರಿಗೆ, ಅಧಿಕಾರ ಇವುಗಳನ್ನು ವಿವರವಾಗಿ ಅಭ್ಯಾಸ ಮಾಡುತ್ತೇವೆ. ಪುರಸಭೆಯ ಸ್ವತ್ತು ಯಾವುದು, ಅದು ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟಾಗಿ ಕೇಳುವುದಿಲ್ಲ. ನೀರಿನ ಕೊಳವೆ, ಒಳಚರಂಡಿ, ರಸ್ತೆ, ಸೇತುವೆ ಇವೆಲ್ಲ ಸಾರ್ವಜನಿಕರ ಆಸ್ತಿಯೇ ಅಲ್ಲವೆ?

ಹಳೆಯ ಪದ್ಧತಿಯ ಜಮಾಖರ್ಚಿನಲ್ಲಿ ಕೊಳವೆ ಹೂಳಿದ ವರ್ಷ ಅದರ ವೆಚ್ಚವನ್ನು ಬರೆಯುತ್ತಾರೆ. ಮರುವರ್ಷ ಅದು ಲೆಕ್ಕದಿಂದಲೇ ಮಾಯವಾಗುತ್ತದೆ. ಮಣ್ಣಿನೊಳಗೆ ಅದು ತುಕ್ಕು ಹಿಡಿಯುತ್ತಿರುವುದು ಪುಸ್ತಕಕ್ಕೆ ತಿಳಿಯದು. 40 ಲಕ್ಷ ರೂಪಾಯಿಯ ಕೊಳವೆ 40 ವರ್ಷ ಬಾಳುವುದೆಂದು ಭಾವಿಸೋಣ. ವರ್ಷಕ್ಕೆ 1 ಲಕ್ಷದಷ್ಟು ಅದು ಸವೆಯುತ್ತದೆ. ಈ ಸವಕಳಿಯನ್ನು ಗಣಿಸದ ಪುರಸಭೆ ತನ್ನಲ್ಲಿ ಹಣ ಉಳಿದಿದೆಯೆಂದು ತಿಳಿಯುತ್ತದೆ. ವಾಸ್ತವವಾಗಿ ಇಂದಿನವರ ಖರ್ಚನ್ನು ಮೊಮ್ಮಕ್ಕಳ ಹೆಸರಿಗೆ ಬರೆಯುತ್ತಿರುತ್ತದೆ. (ಹೊಸ ಕಾಮಗಾರಿಗೆ ಶಂಕುಸ್ಥಾಪನೆಯ ಕಲ್ಲು ಉಂಟು, ದುರಸ್ತಿಗೆ ಇಲ್ಲ!)

ಈ ವಿಷಯದಲ್ಲಿ ನ್ಯೂಜಿಲೆಂಡಿನ ಅನುಭವ ಗಮನಾರ್ಹವಾದುದು. ಅಲ್ಲಿ 1989ರಲ್ಲಿ ನೂರಾರು ಸಣ್ಣ ಸಂಸ್ಥೆಗಳನ್ನು ಕೂಡಿಸಿ ದೊಡ್ಡ ಕೌನ್ಸಿಲುಗಳನ್ನು ರಚಿಸಿದರು. 1996ರ ಶಾಸನವು ಹತ್ತು ವರ್ಷಗಳ ಹಣಕಾಸಿನ ಯೋಜನೆಯನ್ನು ಕಡ್ಡಾಯ ಮಾಡಿತು. ಸವಕಳಿಯನ್ನೂ ಲೆಕ್ಕಕ್ಕೆ ತಂದಿತು. 2014ರ ತಿದ್ದುಪಡಿಯಿಂದ ಮುಂದಿನ ಮೂವತ್ತು ವರ್ಷಗಳ ಆಲೋಚನೆಯೂ ಸೇರಿತು. ಇದಕ್ಕೆಲ್ಲ ಆಧಾರ ಆಸ್ತಿ ವಹಿ. ಯಾವ ಬೀದಿಯಲ್ಲಿ, ಯಾವ ವರ್ಷ, ಯಾವ ಲೋಹದ, ಎಷ್ಟು ಉದ್ದದ ಕೊಳವೆ, ಎಷ್ಟು ಸಲ ಒಡೆಯಿತು ಎಂಬುದೆಲ್ಲ ಅದರಲ್ಲಿರಬೇಕು.

ಆದರೆ ವಹಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದೇ ದೇಶದ ರಾಜಧಾನಿ ವೆಲಿಂಗ್ಟನ್ನಿನಲ್ಲಿ 2019ರ ಡಿಸೆಂಬರಿನಲ್ಲಿ ಒಳಚರಂಡಿಯ ಸುರಂಗವೊಂದು ಕುಸಿದು ಮಲಿನಜಲ ಬಂದರಿಗೆ ಹರಿಯಿತು. ಮೇಯರರ ಸಮಿತಿಯೊಂದು 2020ರಲ್ಲಿ ಪರಿಶೀಲಿಸಿದಾಗ, ಸವಕಳಿಗೆಂದು ಎತ್ತಿದ ಹಣವೆಲ್ಲ ಹಳೆಯ ಕೊಳವೆಗಳ ಬದಲಾವಣೆಗೆ ಹೋಗಿರಲಿಲ್ಲವೆಂದೂ, ನೆಲದಡಿಯ ಸ್ಥಿತಿಯ ಅರಿವು ಸಾಲದೆಂದೂ ಕಂಡುಬಂತು.

ನಮ್ಮಲ್ಲಿ 2006ರ ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಜೋಡಿ ನಮೂದಿನ ಪದ್ಧತಿಯನ್ನು ತಂದವು. ಹೀಗಾಗಿ ಸ್ಥಿರಾಸ್ತಿಗೂ ಸವಕಳಿಗೂ ಪುಸ್ತಕದಲ್ಲಿ ಸ್ಥಳ ದೊರೆಯಿತು. ಬೆಲೆ ಗೊತ್ತಾದರೂ ಸ್ಥಿತಿ ಗೊತ್ತಾಗುವುದು ಸುಲಭವಲ್ಲ. ಯಾವ ತಿರುವಿನಲ್ಲಿ ಕೊಳವೆ ಪದೇಪದೇ ಸೋರುತ್ತದೆಂಬುದನ್ನು ಅನೇಕ ಊರುಗಳಲ್ಲಿ ನೀರು ಬಿಡುವ ನೌಕರನೊಬ್ಬನೇ ಬಲ್ಲ. ಅವನು ನಿವೃತ್ತನಾಗುವ ಮೊದಲು ಯಾರಾದರೂ ಪಕ್ಕದಲ್ಲಿ ಕುಳಿತು ಅದನ್ನು ವಹಿಯಲ್ಲಿ ಬರೆದುಕೊಳ್ಳಬೇಕು.