320 ಜಿಬಿ ಡಿಸ್ಕಿಗೆ ಹಳೆಯ ಎಕ್ಸ್‌ಪಿ

ಅಬ್ಬಾ ಅವರ ಕಿರಾಣಿ ಅಂಗಡಿಯ ಉದ್ರಿ ಲೆಕ್ಕವೆಲ್ಲ ಒಂದು ಹಳೆಯ ಸಾಫ್ಟ್‌ವೇರಿನಲ್ಲಿದೆ. ಅದು ವಿಂಡೋಸ್ ಎಕ್ಸ್‌ಪಿ ಬಿಟ್ಟರೆ ಬೇರೆಲ್ಲೂ ಓಡಲಿಲ್ಲ. ಕಳೆದ ರಜೆಯಲ್ಲಿ ಆ ಕಂಪ್ಯೂಟರಿನ 40 ಜಿಬಿ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡತೊಡಗಿತು. ಲೆಕ್ಕವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಸೆಕೆಂಡ್‌ಹ್ಯಾಂಡ್ 320 ಜಿಬಿ ಡಿಸ್ಕ್ ತಂದು, ಎಕ್ಸ್‌ಪಿ ಸಿ.ಡಿ. ಹಾಕಿದೆ. ಪರದೆಯಲ್ಲಿ ಕಂಡದ್ದು ಸುಮಾರು 1,31,000 ಎಂಬಿ ಮಾತ್ರ. "ಮೋಸ ಮಾಡಿದ್ದಾನೆ, ವಾಪಸ್ ಕೊಟ್ಟು ಬಾ" ಎಂದರು ಅಬ್ಬಾ.

ಮೋಸ ಯಾರೂ ಮಾಡಿರಲಿಲ್ಲ. ಡಿಸ್ಕಿನಲ್ಲಿ ಮಾಹಿತಿ 512 ಬೈಟ್‌ಗಳ ಸೆಕ್ಟರುಗಳಲ್ಲಿ ಕೂರುತ್ತದೆ. ಪ್ರತಿ ಸೆಕ್ಟರಿಗೂ ಒಂದು ನಂಬರ್. 2001ರ ಮೊದಲ ಎಕ್ಸ್‌ಪಿ ಆ ನಂಬರಿಗೆ 28 ಬಿಟ್ ಮಾತ್ರ ಬಳಸುತ್ತಿತ್ತು. ಅಂದರೆ 26,84,35,456 ಸೆಕ್ಟರ್. 512ರಿಂದ ಗುಣಿಸಿದರೆ ಸುಮಾರು 13,743 ಕೋಟಿ ಬೈಟ್, ಅಂದರೆ 137 ಜಿಬಿ. ವಿಂಡೋಸ್ ಸಾವಿರದ ಬದಲು 1024ರ ಲೆಕ್ಕ ಹಿಡಿಯುವುದರಿಂದ ಇದನ್ನೇ 128 ಎನ್ನುತ್ತದೆ. ನನ್ನ ಸಿ.ಡಿ. ಆ ಮೊದಲ ಆವೃತ್ತಿಯದು.

ಜಾಗ ಕಡಿಮೆ ಕಂಡರೆ ದೊಡ್ಡ ನಷ್ಟವಿಲ್ಲ. ಅಪಾಯ ಬೇರೆ ಇದೆ. ಹೊಸ ಕಂಪ್ಯೂಟರಿನಲ್ಲಿ ಇಡೀ ಡಿಸ್ಕಿಗೆ ಒಂದೇ ಪಾರ್ಟಿಷನ್ ಮಾಡಿ ತಂದು ಈ ಎಕ್ಸ್‌ಪಿಗೆ ಕೊಟ್ಟೆವೆನ್ನಿ. ಬಿಲ್ ನಂಬರ್ ಹಾಕುವ ಮೂರಂಕಿಯ ಮುದ್ರೆ 999 ಆದಮೇಲೆ 000ಕ್ಕೆ ತಿರುಗುತ್ತದಲ್ಲ, ಹಾಗೆ 137 ಜಿಬಿ ದಾಟಿ ಬರೆಯಬೇಕಾದದ್ದು ಡಿಸ್ಕಿನ ಆರಂಭಕ್ಕೇ ಹೋಗಿ ಬೀಳಬಹುದು. ಅಲ್ಲಿರುವುದು ಪಾರ್ಟಿಷನ್ ಪಟ್ಟಿ! ಡಿಸ್ಕ್ ಅಷ್ಟು ತುಂಬುವವರೆಗೆ ಎಲ್ಲ ಸರಿಯಾಗಿಯೇ ಓಡುತ್ತಿರುತ್ತದೆ. ನಾನು ಮಾಡಹೊರಟಿದ್ದ ಉಪಾಯವೂ ಇದೇ ಆಗಿತ್ತು.

ಕೊನೆಗೆ ಸೆಟಪ್‌ನಲ್ಲಿ 40,000 ಎಂಬಿಯ ಸಿ ಡ್ರೈವ್ ಮಾತ್ರ ಮಾಡಿ, ಉಳಿದದ್ದನ್ನು ಮುಟ್ಟದೆ ಬಿಟ್ಟೆ. ಎಕ್ಸ್‌ಪಿ ಕೂತಮೇಲೆ ಪೆನ್‌ಡ್ರೈವಿನಿಂದ ಸರ್ವಿಸ್ ಪ್ಯಾಕ್ 2 ಹಾಕಿದೆ. 48 ಬಿಟ್ ನಂಬರ್ ಬಂದದ್ದು 2002ರ ಸರ್ವಿಸ್ ಪ್ಯಾಕ್ 1ರಿಂದ. ಬಯಾಸ್ ಕೂಡ ದೊಡ್ಡ ಡಿಸ್ಕನ್ನು ಗುರುತಿಸಬೇಕು, ನಮ್ಮದು ಗುರುತಿಸಿತು. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಉಳಿದ ಜಾಗವನ್ನು ಡಿ ಡ್ರೈವ್ ಮಾಡಿದೆ. ಲೆಕ್ಕ ಈಗ ಅಲ್ಲಿದೆ. ಸಿ ಕೆಟ್ಟು ಮತ್ತೆ ಫಾರ್ಮ್ಯಾಟ್ ಮಾಡಿದರೂ ಉದ್ರಿ ಅಳಿಯುವುದಿಲ್ಲ. ಪೆನ್‌ಡ್ರೈವಿನ ಪ್ರತಿಯನ್ನೂ ಅಮ್ಮಿ ಬೀರುವಿನಲ್ಲಿಟ್ಟಿದ್ದಾರೆ. 2014ರಲ್ಲೇ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ರಕ್ಷಣೆ ನಿಂತಿರುವುದರಿಂದ ಇಂಟರ್ನೆಟ್ ಕೊಟ್ಟಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಕಂಪ್ಯೂಟರ್ ಇದ್ದರೆ, ಸಿ.ಡಿ. ಮೇಲೆ ಸರ್ವಿಸ್ ಪ್ಯಾಕ್ ಎಂದು ಬರೆದಿದೆಯೇ ಎಂದು ಮೊದಲು ನೋಡಿ.

ಎರಡೂ ಡ್ರೈವ್ ಸೇರಿ 298 ಜಿಬಿ ಕಂಡಿತು. "ಇನ್ನು 22 ಎಲ್ಲಿ?" ಎಂದರು ಅಬ್ಬಾ. 1024ರ ಲೆಕ್ಕವನ್ನು ಉರ್ದುವಿನಲ್ಲಿ ಎರಡು ಸಲ ಹೇಳಿದೆ. ಇನ್ನೂ ಒಪ್ಪಿಲ್ಲ.