ಹಿಮದ ನೆರಳಿಗೆ ಕಪ್ಪು ಬೇಡ

ಕಳೆದ ವರ್ಷ ಒಂದು ಚಿತ್ರಕಲಾ ಸ್ಪರ್ಧೆಗೆ ನಾನು ಹಿಮ ಬಿದ್ದ ಹಳ್ಳಿಯ ಚಿತ್ರ ಬರೆದಿದ್ದೆ. ಹಿಮಕ್ಕೆ ಬಿಳಿ ಬಣ್ಣ, ನೆರಳಿಗೆ ಬಿಳಿಯ ಜೊತೆ ಕಪ್ಪು. ಬಹುಮಾನ ಬರಲಿಲ್ಲ. ಮನೆಗೆ ತಂದಾಗ ಅಮ್ಮಿ ನೋಡಿ, "ಇದೇನು, ಸಿಮೆಂಟ್ ಚೆಲ್ಲಿದೆಯಾ?" ಎಂದರು. ನನಗೆ ಬೇಸರವಾಯಿತು. ತಪ್ಪು ಎಲ್ಲಿದೆ ಎಂದು ತಿಳಿದದ್ದು ಕ್ಲೋಡ್ ಮೊನೆ ಅವರ ಒಂದು ಚಿತ್ರ ನೋಡಿದ ಮೇಲೆ.

ಫ್ರಾನ್ಸ್ ದೇಶದ ಮೊನೆ 1868-69ರ ಚಳಿಗಾಲದಲ್ಲಿ ನಾರ್ಮಂಡಿಯ ಎತ್ರೆತಾ ಊರಿನ ಬಳಿ 'ದ ಮ್ಯಾಗ್ಪೈ' ಎಂಬ ತೈಲಚಿತ್ರ ಬರೆದರು. ಹಿಮ ಹೊದ್ದ ನೆಲ, ಒಂದು ಬೇಲಿ, ಅದರ ಗೇಟಿನ ಮೇಲೆ ಕಾಗೆಯ ಕುಟುಂಬಕ್ಕೆ ಸೇರಿದ ಒಂದು ಹಕ್ಕಿ. ಸೂರ್ಯ ಬೇಲಿಯ ಹಿಂದೆ ಇರುವುದರಿಂದ ನೆರಳು ನಮ್ಮ ಕಡೆಗೆ ಬೀಳುತ್ತದೆ. ಆ ನೆರಳು ಕಪ್ಪಲ್ಲ, ನೀಲಿ! 1869ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದ ತೀರ್ಪುಗಾರರು ಈ ಚಿತ್ರವನ್ನು ತಿರಸ್ಕರಿಸಿದರು. ಇಂದು ಅದು ಪ್ಯಾರಿಸ್ಸಿನದೇ ಓರ್ಸೆ ಮ್ಯೂಸಿಯಂನಲ್ಲಿದೆ.

ನೆರಳು ನೀಲಿ ಏಕೆ? ನೆರಳಿರುವ ಜಾಗಕ್ಕೆ ನೇರ ಬಿಸಿಲು ತಲುಪುವುದಿಲ್ಲ, ಆದರೆ ಆಕಾಶದ ನೀಲಿ ಬೆಳಕು ತಲುಪುತ್ತದೆ. ಬಿಳಿ ಹಿಮ ಅದನ್ನೇ ನಮಗೆ ತೋರಿಸುತ್ತದೆ. ನಮ್ಮಲ್ಲಿ ಹೆಚ್ಚಿನವರು ಹಿಮ ನೋಡಿಲ್ಲ. ಚಿಂತೆಯಿಲ್ಲ. ಆಕಾಶ ತಿಳಿಯಾಗಿರುವ ಬೆಳಿಗ್ಗೆ ಮಹಡಿಯ ಮೇಲೆ ಒಣಹಾಕಿದ ಬಿಳಿ ಚಾದರದ ಮಡಿಕೆಗಳನ್ನು ನೋಡಿ, ಅಲ್ಲೂ ಅದೇ ನೀಲಿ ಕಾಣುತ್ತದೆ.

ಪೋಸ್ಟರ್ ಕಲರ್‌ನಲ್ಲಿ ನಾನು ಮಾಡಿದ ಕ್ರಮ ಇದು:

1. ಪೆನ್ಸಿಲ್‌ನಿಂದ ಆಕಾಶ, ಮರ, ಬೇಲಿ, ನೆಲ ಇಷ್ಟನ್ನೇ ಗುರುತಿಸಿ. ಸೂರ್ಯ ಯಾವ ಕಡೆ ಎಂದು ಮೊದಲೇ ತೀರ್ಮಾನಿಸಿ.
2. ಬಿಸಿಲಿನ ಹಿಮಕ್ಕೆ ಬಿಳಿಯಲ್ಲಿ ಒಂದು ಚೂರು ಹಳದಿ ಬೆರೆಸಿ.
3. ನೆರಳಿಗೆ ಬಿಳಿ, ಅಲ್ಟ್ರಾಮರೀನ್ ನೀಲಿ ಮತ್ತು ತುಸು ಕೆಂಪು. ಕಪ್ಪು ಡಬ್ಬಿ ಮುಚ್ಚಿಡಿ.
4. ಚಪ್ಪಟೆ ಬ್ರಷ್‌ನಿಂದ ಗಿಡ್ಡ ಗಿಡ್ಡ ಗೆರೆ ಎಳೆಯಿರಿ. ತಿಕ್ಕಿ ನುಣುಪು ಮಾಡಬೇಡಿ. ದೂರ ನಿಂತು ನೋಡಿದರೆ ಬಣ್ಣಗಳು ತಾವೇ ಕೂಡಿಕೊಳ್ಳುತ್ತವೆ.
5. ಕೊನೆಗೆ ಒಂದೇ ಒಂದು ಗಾಢ ವಸ್ತು ಇಡಿ: ಹಕ್ಕಿಯೋ, ಮರದ ಬೊಡ್ಡೆಯೋ. ಅದರ ಪಕ್ಕದಲ್ಲಿ ಹಿಮ ಇನ್ನಷ್ಟು ಹೊಳೆಯುತ್ತದೆ. ಕಪ್ಪು ಬೇಕಾದರೆ ನೀಲಿಗೆ ಕಂದು ಬೆರೆಸಿ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಲೆಕ್ಕ ತಾಳೆಯಾಗದಿದ್ದರೆ ಪುಸ್ತಕ ಹರಿಯುವುದಿಲ್ಲ, ತಪ್ಪು ಹುಡುಕುತ್ತೇವೆ. ಚಿತ್ರಕ್ಕೂ ಹಾಗೆಯೇ ಮಾಡಿದೆ. ಈ ವರ್ಷವೂ ಅದೇ ಸ್ಪರ್ಧೆಗೆ ಅದೇ ಹಳ್ಳಿಯನ್ನು ಕಳಿಸುತ್ತಿದ್ದೇನೆ. ಅಮ್ಮಿ ಈ ಸಲ ಸಿಮೆಂಟ್ ಎನ್ನಲಿಲ್ಲ.