ಆರೋಗ್ಯ ಪ್ರಶ್ನೋತ್ತರ: ಹಿಮದ ಬೆಟ್ಟಕ್ಕೆ ಹೊರಡುವ ಮುನ್ನ

ಪ್ರಶ್ನೆ: ನನಗೆ 24 ವರ್ಷ. ಕಾಲೇಜಿನ ದಿನಗಳಿಂದ ಬಾದಾಮಿಯ ಬಂಡೆಗಳನ್ನು ಏರುತ್ತಿದ್ದೇನೆ. ಎಷ್ಟು ಏರಿದರೂ ದಮ್ಮು ಹತ್ತುವುದಿಲ್ಲ. ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿತು, ಬಳಿಕ ಗೆಳೆಯರೊಂದಿಗೆ ಐದು ದಿನ ಟೆಂಟ್ ಹೊತ್ತು ಸ್ಕೀ ಮೇಲೆ ಬೆಟ್ಟ ದಾಟುವ ಆಸೆ. ಎತ್ತರದ ಕಾಯಿಲೆ ನನಗೂ ಬರಬಹುದೇ?
– ಹೆಸರು ಬೇಡ, ಬಾದಾಮಿ

ಉತ್ತರ: ಬರಬಹುದು. ಇದು ತೋಳಿನ ಬಲ ನೋಡಿ ಬರುವ ಕಾಯಿಲೆಯಲ್ಲ. ಬಾದಾಮಿ ಪೇಟೆ ಇರುವುದು ಸಮುದ್ರಮಟ್ಟದಿಂದ 600 ಮೀಟರಿಗೂ ಕಡಿಮೆ ಎತ್ತರದಲ್ಲಿ. ಗುಲ್ಮಾರ್ಗ್ ಸುಮಾರು 2,650 ಮೀಟರ್. ಅಲ್ಲಿಂದ ಗೊಂಡೊಲಾ ಎಂಬ ಕೇಬಲ್ ಕಾರು ಹತ್ತಿದರೆ 3,900 ಮೀಟರ್ ದಾಟುತ್ತೀರಿ. 3,500 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ದೇಹ ಅದಕ್ಕೆ ಒಗ್ಗಲು ದಿನಗಳೇ ಬೇಕು. ಗಟ್ಟಿಮುಟ್ಟಾದ ಹುಡುಗರು ಕಾಲಿನಲ್ಲಿ ಕಸುವಿದೆ ಎಂದು ಬೇಗ ಏರಿಬಿಡುತ್ತಾರೆ, ಅದೇ ತೊಂದರೆಗೆ ದಾರಿ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಯದಕ್ಕಿಂತ 500 ಮೀಟರಿಗೂ ಮೇಲಿರಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಿರಿ. ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು, ವಿಪರೀತ ಸುಸ್ತು ಕಂಡರೆ ಮೇಲೇರುವುದನ್ನು ಅಲ್ಲಿಗೇ ನಿಲ್ಲಿಸಿ. ‘ತಲಿ ನೋಯಾಕತ್ತೈತಿ’ ಎಂದು ಹೇಳಲು ನಾಚಬೇಡಿ. ಗೆಳೆಯನಿಗೆ ಕಾಯಿಲೆ ಹತ್ತಿದೆಯೆಂಬ ಅನುಮಾನ ಬಂದರೆ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನಡೆಸಿ ನೋಡಿ. ತೂರಾಡಿದರೆ ಮಿದುಳು ಊದಿಕೊಂಡಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮಿದರೆ ನೊರೆ ಎಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡಕ್ಕೂ ತಕ್ಷಣ ಕೆಳಗಿಳಿಸುವುದೇ ಮುಖ್ಯ ಮದ್ದು. ಬೆಳಗಾದ ಮೇಲೆ ನೋಡೋಣ ಎನ್ನಬಾರದು. ಅಸೆಟಜೋಲಮೈಡ್ ಮಾತ್ರೆ ಒಗ್ಗಿಕೊಳ್ಳಲು ನೆರವಾಗುತ್ತದೆ, ಆದರೆ ವೈದ್ಯರನ್ನು ಕಾಣದೆ ನುಂಗಬೇಡಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ಚಳಿಯನ್ನು ಹಗುರವಾಗಿ ಕಾಣಬೇಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ, ಬಹುತೇಕ ಬೆಂಗಳೂರಿನವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಹೋದರು. ಅದು ಬೇಸಿಗೆ, ನೀವು ಹೊರಟಿರುವುದು ಫೆಬ್ರುವರಿಯಲ್ಲಿ. ಮೈಗೆ ಅಂಟಿಕೊಂಡಿರುವ ಒಳ ಅಂಗಿ ಹತ್ತಿಯದಾಗಿರಬಾರದು. ಬೆವರಿಗೆ ನೆನೆದರೆ ಅದೇ ಮೈ ಶಾಖವನ್ನು ಹೀರುತ್ತದೆ. ಉಣ್ಣೆಯದನ್ನು ಧರಿಸಿ. ಗಡಗಡ ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿ ತೊದಲತೊಡಗಿದರೆ ಅದು ಸುಧಾರಣೆಯಲ್ಲ, ಅಪಾಯ. ಮರಗಟ್ಟಿ ಬಿಳಿಚಿದ ಬೆರಳನ್ನು ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಹಿಮದಿಂದ ಪ್ರತಿಫಲಿಸುವ ಬಿಸಿಲು ಕಣ್ಣನ್ನು ಸುಡುತ್ತದೆ, ಮೋಡವಿದ್ದರೂ ಕಪ್ಪು ಕನ್ನಡಕ ತೆಗೆಯಬೇಡಿ.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಮೊದಲ ಕೋರ್ಸ್ ಮುಗಿದ ಕೂಡಲೇ ಐದು ದಿನದ ಯಾತ್ರೆ ಬೇಡ. ಅಂಥ ದಾರಿಯಲ್ಲಿ ಹಿಮ ಕುಸಿಯಬಹುದು. ಅದರಡಿ ಹೂತವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುವುದು ಕಷ್ಟ. ಅಷ್ಟರಲ್ಲಿ ಹೊರಗಿನವರು ಯಾರೂ ತಲುಪಲಾರರು. ಪ್ರತಿಯೊಬ್ಬರ ಮೈಮೇಲೆ ಸಿಗ್ನಲ್ ಕೊಡುವ ಬೀಕನ್, ಬೆನ್ನಿಗೆ ಸಲಿಕೆ ಮತ್ತು ಹಿಮ ಚುಚ್ಚಿ ನೋಡುವ ಉದ್ದನೆಯ ಸಲಾಕೆ ಇರಬೇಕು, ಅವನ್ನು ಬಳಸುವ ಅಭ್ಯಾಸವೂ ಆಗಿರಬೇಕು. ಈ ಚಳಿಗಾಲ ಕಲಿಯಿರಿ, ಮುಂದಿನ ಚಳಿಗಾಲ ಅನುಭವಿ ಮಾರ್ಗದರ್ಶಕರೊಂದಿಗೆ ಹೋಗಿ.

ಪ್ರಶ್ನೆ: ಹಿಮದ ಬೆಟ್ಟದ ಪ್ರವಾಸಕ್ಕೆ ಹೊರಟ ಮಗಳಿಗೆ ಮನೆಯಿಂದ ಏನು ಕಟ್ಟಿಕೊಡಲಿ?
– ತಾಯಿ, ಹುನಗುಂದ

ಉತ್ತರ: ನಿಮ್ಮ ತಾಲ್ಲೂಕಿನ ಅಮೀನಗಡದ ಕರದಂಟು ಕೊಡಿ. ಬೆಲ್ಲ, ಕೊಬ್ಬರಿ, ಅಂಟು, ಒಣಹಣ್ಣುಗಳ ಆ ತುಂಡು ಸಣ್ಣದಾದರೂ ಕಸುವು ಬಹಳ. ಚಳಿಗೆ ಕಲ್ಲಿನಂತಾಗುತ್ತದೆ, ಚಿಕ್ಕ ಚೂರು ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳಲಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಯೂ ಕೆಡುವುದಿಲ್ಲ. ನೀರಡಿಕೆ ಆಗದಿದ್ದರೂ ಬಿಸಿನೀರು ಕುಡಿಯುತ್ತಿರಲಿ. ಹೋಗುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ಚಿಕಿತ್ಸೆ ಮೊದಲು.

ಪ್ರಶ್ನೆ: ವಯಸ್ಸು 41. ಗ್ರಾನೈಟ್ ಕಟಿಂಗ್ ಕೆಲಸ. ಮಗನೊಂದಿಗೆ ಔಲಿಗೆ ಹೋಗಿ ಸ್ಕೀ ಕಲಿಯುವ ಆಸೆ. ಇತ್ತೀಚೆಗೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ದಮ್ಮು.
– ಓದುಗ, ಇಳಕಲ್

ಉತ್ತರ: ಟಿಕೆಟ್ ಈಗಲೇ ಮಾಡಿಸಬೇಡಿ. ಕಲ್ಲು ಕೊಯ್ಯುವಾಗ ಏಳುವ ಸಿಲಿಕಾ ದೂಳು ವರ್ಷಗಟ್ಟಲೆ ಒಳಹೋದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಕ್ಷಯ ತಗಲುವ ಸಂಭವವೂ ಹೆಚ್ಚು. ಎದೆಯ ಎಕ್ಸ್-ರೇ, ಕಫ ಪರೀಕ್ಷೆ, ಊದಿಸಿ ಮಾಡುವ ಸ್ಪೈರೊಮೆಟ್ರಿ ಮೂರನ್ನೂ ಮಾಡಿಸಿ. ಊರಿನಲ್ಲೇ ದಮ್ಮು ಹತ್ತುವವರಿಗೆ 2,500 ಮೀಟರ್ ದಾಟಿದ ಔಲಿಯಲ್ಲಿ ಇನ್ನೂ ಕಷ್ಟ. ಕೊಯ್ಯುವಾಗ ನೀರು ಹಾಯಿಸಿ, ಒಳ್ಳೆಯ ಮಾಸ್ಕ್ ಹಾಕಿ, ಕರವಸ್ತ್ರ ಸಾಲದು. ಜೊತೆಗೆ ದುಡಿಯುವವರಿಗೂ ಕೆಮ್ಮು ಇದ್ದರೆ ಈ ವಾರವೇ ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.